ಪೋಣಿಸಿಟ್ಟ ಸೂಜಿಗಳು

ಅಪ್ಪಾ,

ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಹೊರಟಿದ್ದೇನೆ. ನಿಮ್ಮ ಕಣ್ಣು ಮಂಜಾಗಿರುವುದರಿಂದ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

“ಇಪ್ಪತ್ತಾರು ವರ್ಷದವಳಿಗೆ ಎಂಥಾ ಕಾಲೇಜು? ನಿನ್ನ ತಲೇಲಿ ಬರೀ ಮಣ್ಣು” ಎಂದಿರಿ. ನನಗೂ ಆ ಅನುಮಾನವಿತ್ತು. ಮೊನ್ನೆ ನಮ್ಮ ಹೊಲಿಗೆ ಅಂಗಡಿಯಲ್ಲಿ ವಕೀಲರು ಹೊಸ ಕೋಟು ತೊಟ್ಟು, “ಈ ವಯಸ್ಸಲ್ಲೂ ಎಂಥಾ ಕೈ ಮಾಸ್ಟ್ರೇ ನಿಮ್ದು!” ಎಂದಾಗ ನೀವು ನಕ್ಕಿರಿ. ಅದನ್ನು ಕತ್ತರಿಸಿ, ಹೊಲಿದು, ಗುಂಡಿ ಹಾಕಿದ ನಾನು ಪರದೆಯ ಹಿಂದೆ ಕೇಳಿಸಿಕೊಂಡೆ. ಅನುಮಾನ ಅಲ್ಲೇ ಸತ್ತಿತು.

“ನನ್ನ ಸೂಜಿಗೆ ದಾರ ಪೋಣಿಸೋರು ಯಾರು?” ಎಂದೂ ಕೇಳಿದಿರಿ. ನಲವತ್ತು ಸೂಜಿ ಪೋಣಿಸಿ ಮೇಜಿನ ಮೇಲಿಟ್ಟಿದ್ದೇನೆ. ಎಲ್ಲದಕ್ಕೂ ಕಪ್ಪು ದಾರ. ನಾಳೆ ವಕೀಲರು ಬಿಳಿ ಬಟ್ಟೆ ತರುತ್ತಾರೆ. ನಿಮ್ಮ ಕೈಯ ಹೊಲಿಗೆಯೇ ಬೇಕಂತೆ.

ಇತಿ,
ಪರದೆಯ ಹಿಂದಿದ್ದ ಮಗಳು