ಸಂಜೆಯ ತರಗತಿ

ಗುಳೇದಗುಡ್ಡ
ಏಪ್ರಿಲ್ ೯

ಸಂಡೇ ಸ್ಕೂಲಿನ ಸುಗಂಧಾ ಅಕ್ಕೋರಿಗೆ ಹೇಮಲತಾಳ ವಂದನೆಗಳು.

ಸೋಮವಾರದಿಂದ ರಜೆಯ ತರಗತಿ ಶುರುವೆಂದು ತಿಳಿಯಿತು. ನಮ್ಮ ಕರುಣಾಳನ್ನು ಕಳಿಸುತ್ತೇನೆ. ಹಾಡು, ಬಣ್ಣ ಹಚ್ಚುವುದು, ಮಣಿ ಪೋಣಿಸುವುದು, ಏನಾದರೂ ಕಲಿಸಿರಿ. ಸತ್ತವನನ್ನು ಯೇಸುಸ್ವಾಮಿ ಗೋರಿಯಿಂದ ಹೊರಗೆ ಕರೆದ ಕಥೆಯನ್ನು ಮಾತ್ರ ಈ ವರ್ಷ ಆಡಿಸಬೇಡಿರಿ.

ಹೋದ ವರ್ಷ ಆ ಸತ್ತವನ ಪಾತ್ರ ನಮ್ಮ ಜಯಕರನದೇ ಅಲ್ಲವೇ. ಅವರಪ್ಪನ ಹಳೆಯ ಧೋತರ ಸುತ್ತಿ ಮೇಜಿನ ಕೆಳಗೆ ಮಲಗಿಸಿದ್ದಿರಿ. ನೀವು ಕೂಗಿದ ಕೂಡಲೇ ಕುಪ್ಪಳಿಸುತ್ತ ಹೊರಗೆ ಬಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವನ ತಂಗಿ ಕರುಣಾ.

ಜನವರಿಯಲ್ಲಿ ಜ್ವರ ಬಂದು ಅವನು ಹೋದಾಗ, ಪೆಟ್ಟಿಗೆಯಲ್ಲಿಟ್ಟು ಬಿಳಿ ಬಟ್ಟೆಯನ್ನೇ ಹೊದಿಸಿದೆವು. ಕರುಣಾ ಅಳಲಿಲ್ಲ. ಐದು ವರ್ಷಕ್ಕೇ ಎಂಥ ಧೈರ್ಯ ಎಂದು ನೀವೂ ಅಂದಿರಿ. ಅದು ಧೈರ್ಯವಲ್ಲ ಅಕ್ಕೋರೆ, ಅವಳು ಕಾಯುತ್ತಿದ್ದಳು.

ಈಗ ದಿನಾ ಸಂಜೆ ಸ್ಮಶಾನಕ್ಕೆ ಓಡುತ್ತಾಳೆ. ಸಮಾಧಿಗೆ ಬಾಯಿ ಹಚ್ಚಿ "ಜಯಣ್ಣಾ, ಹೊರಗ ಬಾ" ಎಂದು ಕೂಗುತ್ತಾಳೆ. ಅವರಪ್ಪ ಮಗ್ಗ ಬಿಟ್ಟು ಹೋಗಿ ಎತ್ತಿಕೊಂಡು ಬರುತ್ತಾರೆ. ಒಂದೆರಡು ಸಲ ಹೊಡೆದೂ ನೋಡಿದರು.

ನಿನ್ನೆ ಕರೆತರಲು ನಾನು ಹೋಗಿದ್ದೆ. "ಅವ್ವಾ, ನನ್ನ ದನಿ ಸಣ್ಣದೈತಿ, ಅವಗ ಕೇಳ್ಸವಲ್ದು. ನೀನರ ಕರಿ" ಅಂದಳು.

ಅವರಪ್ಪನಿಗೆ ಹೇಳಬೇಡಿರಿ. ನಾನು ಕರೆದೆ. ಕರೆದು, ಇಬ್ಬರೂ ಕಾಯುತ್ತ ಕೂತೆವು.

ತರಗತಿಯನ್ನು ಸಂಜೆ ಹೊತ್ತಿಗೆ ಇಡಲು ಆಗುತ್ತದೆಯೇ? ನಾನೂ ಬಂದು ಮಣಿ ಪೋಣಿಸುತ್ತೇನೆ.

ಇಂತಿ,
ಜಯಕರ ಮತ್ತು ಕರುಣಾಳ ತಾಯಿ
ಹೇಮಲತಾ