ಎರಡನೆಯ ಹಂದಿಯ ಹೊಲಿಗೆ

ದಾಂಡೇಲಿ
ತಾ. 10-3-1964

ಮುಂಬೈಯಲ್ಲಿರುವ ನಮ್ಮ ಮನೆಯವರಿಗೆ ದುರ್ಗವ್ವ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಖಾನಾವಳಿಯ ಊಟ ಒಗ್ಗುತ್ತಿಲ್ಲ ಎಂದು ಬರೆದಿದ್ದಿರಿ. ಗುರೆಳ್ಳು ಚಟ್ನಿ ಕುಟ್ಟಿ ಇಟ್ಟಿದ್ದೇನೆ, ಆ ಕಡೆ ಹೋಗುವವರು ಯಾರೂ ಸಿಕ್ಕಿಲ್ಲ. ಅತ್ತೆಯವರ ಮೊಣಕಾಲು ನೋವು ಹಾಗೆಯೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಸತ್ತೆವ್ವ ದಿನಾ ಸಾಲೆಗೆ ಹೋಗುತ್ತಾಳೆ. ಅಪ್ಪ ಯಾವಾಗ ಬರುತ್ತಾನೆಂದು ಕೇಳುವುದನ್ನು ಈಚೆಗೆ ಬಿಟ್ಟಿದ್ದಾಳೆ.

ನಿನ್ನೆ ಮೆಕ್ಯಾನಿಕ್ ಸುಭಾನಿಯವರು ಬೇಸಿಗೆಯ ಕೆಲಸಕ್ಕೆಂದು ಹಳೆಯ ಹಂದಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊಲಿಸಲು ತಂದರು. ನೀವು ಮೊದಲ ಸಲ ಆ ಕಟ್ಟಿಗೆಯ ಗುಂಡನ್ನು ಮನೆಗೆ ತಂದ ದಿನ ನೆನಪಿದೆಯೇ? ಹೊಳೆಯ ನೀರು ಬರುವ ಪೈಪಿನಲ್ಲಿ ಕೆಸರು ಕಟ್ಟಿದಾಗ ಇದನ್ನು ಒಳಗೆ ಬಿಡುತ್ತಾರೆ, ನೀರಿನ ಒತ್ತಡಕ್ಕೆ ಕೆಸರು ಕೆರೆಯುತ್ತ ಆ ತುದಿಗೆ ಹೋಗಿ ಬೀಳುತ್ತದೆ, ಸಾಹೇಬರು ಇದಕ್ಕೆ ಹಂದಿ ಅನ್ನುತ್ತಾರೆ ಎಂದಿರಿ. ಅತ್ತೆಯವರು ಕಟ್ಟೆಯ ಮೇಲೇ ತಡೆದರು. "ಹಂದಿ ಅಂದಮ್ಯಾಲ ಕಟ್ಟಿಗೀದಾದ್ರೇನ, ಅಡಗಿಮನಿ ಕಡೆ ತರಬ್ಯಾಡ." ಸುಭಾನಿಯವರಂತೂ ಆ ಹೆಸರೇ ಎತ್ತುವುದಿಲ್ಲ. ಪೈಪಿನ ಗುಂಟ ಸಪ್ಪಳ ಕೇಳುತ್ತ ನಡೆಯುವಾಗಲೂ "ಮೆಹಮಾನ ಹೊಂಟಾನ್ರೀ" ಎಂದು ಅದನ್ನು ನೆಂಟನನ್ನಾಗಿ ಮಾಡುತ್ತಾರೆ. ಅಂದಿನಿಂದ ಅದಕ್ಕೆ ಗೋಣಿಯ ಅಂಗಿ ಹೊಲಿಯುವ ಕೆಲಸ ನನ್ನದಾಯಿತು.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನನಗೆ ಕ್ರಮವಾಗಿ ಬರೆಯಬೇಕಾಗಿದೆ. ಕಳೆದ ದಸರೆಗೆ ಮುಂಚೆ ನೀವು ಮೌಳಂಗಿಯ ಪಂಪಿನ ಹತ್ತಿರ ಇದ್ದಿರಿ, ನನ್ನ ತಮ್ಮ ದ್ಯಾಮಪ್ಪ ಈ ತುದಿಯಲ್ಲಿದ್ದ. ಎಷ್ಟು ಹಂದಿ ಬಿಟ್ಟಿದ್ದೀರೆಂದು ಫೋನಿನಲ್ಲಿ ನೀವು ಹೇಳಬೇಕು, ಅಷ್ಟೂ ಬಂದ ಮೇಲೆಯೇ ಅವನು ಪೈಪಿನ ಬಾಯಿಗೆ ಕೈ ಹಾಕಬೇಕು. ನೀವು ಒಂದು ಎಂದಿರಿ. ಒಂದು ಬಂತು. ಅವನು ಕೆಸರು ತೆಗೆಯಲು ಕೈ ಹಾಕಿದಾಗ ಎರಡನೆಯದು ಬಂತು. ಅದು ಹಿಂದಿನ ವರ್ಷವೇ ಒಳಗೆ ಸಿಕ್ಕಿಕೊಂಡಿದ್ದ ಹಂದಿ, ಆಗ ಬಂದವನ್ನು ದ್ಯಾಮಪ್ಪನೇ ತಪ್ಪು ಎಣಿಸಿದ್ದಾನೆ ಎಂದು ನೀವು ಕಂತ್ರಾಟುದಾರರಿಗೆ ಬರೆದುಕೊಟ್ಟಿರಿ. ಅವನ ಬಲಗೈಯೂ ಹೋಯಿತು, ಕೆಲಸವೂ ಹೋಯಿತು. ನಿಮಗೆ ಒಳ್ಳೆಯ ಸರ್ಟಿಫಿಕೇಟು ಸಿಕ್ಕಿತು, ಮುಂಬೈಗೆ ಹೋದಿರಿ.

ಅವತ್ತು ಬೆಳಿಗ್ಗೆ ಎರಡು ಹಂದಿಗೆ ಅಂಗಿ ಹೊಲಿಸಿಕೊಂಡು ಒಯ್ದಿದ್ದಿರಿ. ಇನ್ನೊಂದು ಶೆಡ್ಡಿನಲ್ಲೇ ಉಳಿಯಿತೆಂದಿರಿ. ನಾನು ನಂಬಿದೆ. ನಂಬಿ ಹಳಿಯಾಳಕ್ಕೆ ಹೋಗಿ, ಎಡಗೈಯಲ್ಲಿ ಉಣ್ಣಲು ಕಲಿಯುತ್ತಿದ್ದ ತಮ್ಮನ ಮುಂದೆ ಕೂತು, "ಒಂದು ಎರಡು ಎಣಸಾಕ ಬರೂದಿಲ್ಲೇನೋ ನಿನಗ? ಅವರ ಹೆಸರೂ ಕೆಡಿಸಿದಿ" ಎಂದು ಬೈದೆ. ಅವನು ತುತ್ತು ಕೆಳಗಿಟ್ಟು, "ಮಾಮಾ ಹೇಳಿದ್ದು ಒಂದೇ, ಅಕ್ಕಾ" ಎಂದ. ನಾನು ನೀರು ಸಹ ಕುಡಿಯದೆ ಎದ್ದುಬಂದೆ.

ನಿನ್ನೆ ತಂದವುಗಳಲ್ಲಿ ಅವನ ಕೈಗೆ ಬಡಿದ ಹಂದಿಯೂ ಇತ್ತು. ಸುಭಾನಿಯವರು ಅದನ್ನು ಬೇರೆಯಾಗಿ ಕಟ್ಟಿದ್ದರು, "ಇದು ಅವತ್ತಿಂದು, ಬೆಹೆನ್" ಎಂದು ಕೊಟ್ಟರು. ಹರಿದ ಗೋಣಿ ಬಿಚ್ಚಿದೆ. ಒಳಗೆ ಅಂಚಿನ ಕೆಳಗೆ ಹಸಿರು ಖಣದ ತುಂಡು ಇತ್ತು. ಅವತ್ತು ಗೋಣಿ ಸಾಲದೆ ನಾನೇ ಒಳಪಟ್ಟಿ ಕೊಟ್ಟು ಹೊಲಿದದ್ದು. ಆ ಖಣ ಆ ದಸರೆಯ ಮುಂಚಿನ ಪಂಚಮಿಗೆ ದ್ಯಾಮಪ್ಪ ನನಗೆ ಕುಬಸಕ್ಕೆಂದು ತಂದುಕೊಟ್ಟದ್ದು, ಕುಬಸ ಹೊಲಿದು ಉಳಿದ ತುಂಡು ಅದು. ಅದಕ್ಕೂ ಹಿಂದಿನ ವರ್ಷ ಪೈಪಿನಲ್ಲಿ ಸಿಕ್ಕಿದ್ದ ಹಂದಿಗೆ ಅದು ಹೇಗೆ ಬಂತು? ಮೊದಲನೆಯದು ತಡವಾಯಿತೆಂದು ಅವಸರದಲ್ಲಿ ಇನ್ನೊಂದನ್ನು ಬಿಟ್ಟಿರಬೇಕು, ಫೋನು ಮಾಡಲು ಮರೆತಿರಬೇಕು. ಮರೆವನ್ನು ನಾನು ತಿಳಿದುಕೊಳ್ಳಬಲ್ಲೆ. ಆಮೇಲೆ ಕೂತು ಬರೆದುಕೊಟ್ಟ ಕಾಗದ ಮರೆವಲ್ಲ. ನನ್ನ ಬಾಯಿಂದಲೂ ಅದನ್ನೇ ಆಡಿಸಿದಿರಿ.

ಔಷಧ ತಪ್ಪಿಸಬೇಡಿ. ಸತ್ತೆವ್ವನ ನಮಸ್ಕಾರ.

ದುರ್ಗವ್ವ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು. ಇದೇ ಇಪ್ಪತ್ಮೂರನೆಯ ತಾರೀಕು ಕಂತ್ರಾಟುದಾರರು ದ್ಯಾಮಪ್ಪ ಪರಿಹಾರಕ್ಕೆಂದು ಕೊಟ್ಟ ಅರ್ಜಿಯ ವಿಚಾರಣೆ ಮತ್ತೆ ಮಾಡುತ್ತಾರೆ. ನೀವು ಬಂದು ನಿಮ್ಮ ಬಾಯಿಂದಲೇ ಹೇಳಿದರೆ ನಾನು ಮನೆಯಲ್ಲಿರುತ್ತೇನೆ. ಬಾರದಿದ್ದರೆ ಹಂದಿಯನ್ನೂ ಕುಬಸವನ್ನೂ ಒಯ್ದು ಅವರ ಮೇಜಿನ ಮೇಲೆ ಇಡುತ್ತೇನೆ. ಅತ್ತೆಯವರಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಆ ಖಣ ಮುಟ್ಟಿ ನೋಡಿದರು. ಹಂದಿಯನ್ನು ಕಟ್ಟೆಯ ಮೇಲೆ ಇಡಲು ಹೊರಟಾಗ, "ಅಲ್ಲಿ ಬ್ಯಾಡ, ಯಾರರ ಒಯ್ದಾರು. ಅಡಗಿಮನ್ಯಾಗ ಇಡು" ಎಂದರು.