ಹೊಸ ಯಂತ್ರದೊಳಗೆ ನಿನ್ನ ಹಳೆಯ ಮಂಜು

ಗೀಚಮ್ಮಾ,

ಓಡಿತು! ಮೊದಲು ಇದನ್ನು ಓದಿಕೋ, ಕ್ಷೇಮಸಮಾಚಾರ ಆಮೇಲೆ. ನಿನ್ನ ‘ಕಣಿವೆ ಸವಾರಿ’ ಆಟ ಇವತ್ತು ಮಧ್ಯಾಹ್ನ ನನ್ನ ಅಂಗಡಿಯ ಮೇಜಿನ ಮೇಲೆ ಓಡಿತು. ನಕಲಿಯಲ್ಲಲ್ಲ, ಆ ಕಾಲದ ಅಸಲಿ ಗ್ರಾಫಿಕ್ಸ್ ಕಾರ್ಡಿನಲ್ಲಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ನೀನು ಬಿಡಿಸಿದ ಬೆಟ್ಟ, ಸೇತುವೆ, ಆ ಹಾಲಿನ ಕೆಂಪು ವ್ಯಾನು, ಎಲ್ಲವೂ. ಮಂಜು ಕೂಡ!

ಫೋನ್ ಮಾಡಬಹುದಿತ್ತು. ಆದರೆ ನಾನು ಹಲೋ ಅನ್ನುವುದರೊಳಗೆ ನೀನು “ಬೇಡ ಅಣ್ಣ” ಅನ್ನುತ್ತೀಯ. ಪತ್ರಕ್ಕೆ ಮಧ್ಯೆ ಬಾಯಿ ಹಾಕಲಾಗುವುದಿಲ್ಲ. ಕಂಪ್ಯೂಟರ್ ಬಿಡಿಭಾಗ ಮಾರಿ ತಲೆ ನರೆಸಿಕೊಂಡವನು ನಾನು. ಗಿರಾಕಿ ‘ಬೇಡ’ ಅನ್ನುವ ಮೊದಲೇ ಪೊಟ್ಟಣ ಕಟ್ಟಿಬಿಡುವುದು ನನಗೆ ಗೊತ್ತು.

ಕಳೆದ ವಾರ ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ಗೇಮ್ ಸ್ಟುಡಿಯೋದವರಿಗೆ ಚಿತ್ರಕಾರರು ಬೇಕು, ಗುರುವಾರ ಬಂದು ನೀವೇ ಮಾಡಿದ ಕೆಲಸ ತೋರಿಸಿ ಎಂದಿದ್ದಾರೆ. “ಏನು ತೋರಿಸ್ಲಿ ಅಣ್ಣ? ಕೆಮ್ಮಿನ ಔಷಧಿ ಡಬ್ಬಿ ಮೇಲೆ ಬಿಡಿಸಿದ ಎಲೆನಾ? ಈ ವಯಸ್ಸಲ್ಲಿ ಹೋಗಿ ಎಲೆ ತೋರಿಸಿದ್ರೆ ನಗ್ತಾರೆ. ಬರಲ್ಲ ಅಂತ ಬರೆದು ಹಾಕ್ತೀನಿ.” ಆಮೇಲೆ ಸಣ್ಣ ದನಿಯಲ್ಲಿ, “ಕಣಿವೆ ಇದ್ದಿದ್ರೆ ಬೇರೆ ಮಾತು” ಎಂದೆ ನೀನು.

ಆ ‘ಇದ್ದಿದ್ರೆ’ಯ ಬಾಲ ಹಿಡಿದು ನಾನು ಕೆಲಸಕ್ಕಿಳಿದೆ.

ಆ ಕಾಲದಲ್ಲಿ ಕಂಪ್ಯೂಟರಿಗೆ ಒಂದು ಗ್ರಾಫಿಕ್ಸ್ ಕಾರ್ಡು ಸಾಲುತ್ತಿರಲಿಲ್ಲ, ನೆನಪಿದೆಯಾ? ಬೆಟ್ಟಗುಡ್ಡ ಮೈತುಂಬಿ ಕಾಣಬೇಕಾದರೆ ಪಕ್ಕದಲ್ಲಿ ಆಟಕ್ಕೆಂದೇ ಇನ್ನೊಂದು ವೇಗವರ್ಧಕ ಕಾರ್ಡು ಕೂರಿಸಬೇಕಿತ್ತು. ನಾನು ಅದನ್ನು ಮಾರುತ್ತಿದ್ದೆ. ಕೊಂಡವರಿಗೆ ಜೊತೆಗೊಂದು ಆಟವಿರಲಿ ಎಂದು ನನ್ನ ಪಾಲುದಾರ ಪ್ರೋಗ್ರಾಮ್ ಬರೆದ, ನೀನು ಚಿತ್ರ ಬಿಡಿಸಿದೆ. ದೂರದ ಬೆಟ್ಟ ತೋರಿಸುವ ತಾಕತ್ತು ಆ ಕಾರ್ಡಿಗಿರಲಿಲ್ಲ. ಪಾಲುದಾರ ತಲೆ ಮೇಲೆ ಕೈ ಹೊತ್ತು ಕೂತಾಗ “ಇಲ್ಲದೇ ಇರೋದನ್ನ ಮಂಜಲ್ಲಿ ಮುಚ್ಚಿಬಿಡೋಣ” ಎಂದವಳು ನೀನು. ಜನ ಆ ಮಂಜನ್ನೇ ಮೆಚ್ಚಿಕೊಂಡರು. ಕೊರತೆಯನ್ನೇ ಮಾಲು ಮಾಡಿ ಮಾರುವ ಇಂಥ ವ್ಯಾಪಾರ ನನ್ನ ಜನ್ಮದಲ್ಲಿ ನನಗೆ ಹೊಳೆದಿಲ್ಲ. ಆಮೇಲೆ ಆ ಕಾರ್ಡು ಮಾರುಕಟ್ಟೆಯಿಂದ ಹೋಯಿತು. ಅದರ ಭಾಷೆ ಬಿಟ್ಟು ಬೇರೆ ಅರಿಯದ ನಿನ್ನ ಕಣಿವೆಯೂ ಅದರ ಜೊತೆಗೇ ಮಲಗಿತು.

ಹಳೆಯ ಯಂತ್ರದಲ್ಲೇ ಎಬ್ಬಿಸೋಣವೆಂದರೆ ನನ್ನ ಗೋದಾಮಿನ ಮದರ್‌ಬೋರ್ಡುಗಳೆಲ್ಲ ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡು ಸತ್ತಿವೆ. ಹಳೆಯ ಕಾರ್ಡಿನ ವೇಷ ಹಾಕುವ ಸಾಫ್ಟ್‌ವೇರಿನಲ್ಲಿ ಓಡಿಸಿ ನಿನಗೆ ವಿಡಿಯೋ ಕಳಿಸಿದೆ. “ಇದು ನನ್ನ ಮಂಜಲ್ಲ. ಸುಣ್ಣ ಬಳಿದ ಗೋಡೆ” ಎಂದು ನೀನು ಫೋನಿಟ್ಟೆ. ನನಗೆ ಸಿಟ್ಟು ಬಂತು. ಮತ್ತೊಮ್ಮೆ ನೋಡಿದೆ. ಗೋಡೆಯೇ.

ಹಾಗಾದರೆ ಹಳೆಯ ಕಾರ್ಡನ್ನು ಹೊಸ ಯಂತ್ರಕ್ಕೇ ಕೂರಿಸಬೇಕು. ಜೀವವಿರುವ ಕಾರ್ಡು ನನ್ನಲ್ಲಿ ಉಳಿದಿದ್ದದ್ದು ಒಂದೇ. ಮುತ್ತಜ್ಜನಿಗೆ ಮರಿಮಗನ ಷರ್ಟು ತೊಡಿಸಿದ ಹಾಗಾಯಿತು. ಹೊಸ ಬೋರ್ಡಿನಲ್ಲಿ ಅದು ಕೂರುವ ಸ್ಲಾಟೇ ಇಲ್ಲ. ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿದೆ. ಯಂತ್ರಕ್ಕೆ ಈ ಮುದುಕ ಯಾರೆಂದೇ ಗೊತ್ತಾಗಲಿಲ್ಲ. ನಮ್ಮಂಥ ಹುಚ್ಚರಿಗಾಗಿಯೇ ಎಲ್ಲಿಯೋ ಒಬ್ಬ ಪುಣ್ಯಾತ್ಮ ಬರೆದಿಟ್ಟ ಡ್ರೈವರ್ ಸಾಫ್ಟ್‌ವೇರ್ ಹಾಕಿ ಪರಿಚಯ ಮಾಡಿಸಿದೆ. ಆಟ ಶುರು ಮಾಡಿದರೆ ಪರದೆ ಕಪ್ಪು! ಇಂಜಿನ್ ಸದ್ದು ಕೇಳುತ್ತದೆ, ಹಾರ್ನ್ ಒತ್ತಿದರೆ ಹಾರ್ನ್ ಬರುತ್ತದೆ, ಚಿತ್ರ ಮಾತ್ರ ಇಲ್ಲ. ಎರಡು ದಿನ ಡ್ರೈವರಿಗೆ ಬೈದೆ, ಅಡಾಪ್ಟರಿಗೆ ಬೈದೆ. ನಿನ್ನ ಅತ್ತಿಗೆ ಕಾಫಿ ತಂದಿಟ್ಟು, “ರೀ, ರೇಡಿಯೋ ಅಂತಾದ್ರೂ ಮಾರ್ಕೊಳ್ಳಿ” ಎಂದಳು.

ಇವತ್ತು ಬಗ್ಗಿ ಸ್ಕ್ರೂ ಬಿಗಿಯುತ್ತಿದ್ದೆ. ಆಟ ಶುರುವಾದ ಕ್ಷಣ ಹಳೆಯ ಕಾರ್ಡಿನಿಂದ ‘ಟಿಕ್’ ಎಂದಿತು. ಆ ಸದ್ದು, ಗೀಚಮ್ಮಾ! ‘ಇನ್ನು ಪರದೆ ನನ್ನದು’ ಎಂದು ಆ ಕಾರ್ಡು ಹೇಳುವ ಸದ್ದು. ಈಗಿನ ಯಂತ್ರಕ್ಕೆ ಒಂದೇ ಕಾರ್ಡು, ಒಂದೇ ವೈರು. ಅದೇ ರೂಢಿಯಲ್ಲಿ ನಾನು ಮಾನಿಟರನ್ನು ಹೊಸ ಕಾರ್ಡಿಗೆ ಚುಚ್ಚಿಕೊಂಡು ಕೂತಿದ್ದೆ. ಮುದುಕ ಪಾಪ, ಎರಡು ದಿನದಿಂದ ನಿನ್ನ ಬೆಟ್ಟಗಳನ್ನು ತನ್ನ ಬೆನ್ನಿನ ತೂತಿನಿಂದ ಹಿಂದಿನ ಗೋಡೆಗೆ ತೋರಿಸುತ್ತಿದ್ದ! “ಆ ಕಾರ್ಡಿಂದ ಈ ಕಾರ್ಡಿಗೆ, ಈ ಕಾರ್ಡಿಂದ ಮಾನಿಟರಿಗೆ” ಎಂದು ಒಂದು ಕಾಲಕ್ಕೆ ಪ್ರತಿ ಗಿರಾಕಿಗೂ ಮಂತ್ರದ ಹಾಗೆ ಹೇಳುತ್ತಿದ್ದವನು ನಾನೇ. ಎರಡು ಕಾರ್ಡುಗಳನ್ನು ಜೋಡಿಸುವ ಆ ಗೇಣುದ್ದದ ವೈರನ್ನು ಡಬ್ಬದ ಜೊತೆ ಎಸೆದು ಬಂದವರನ್ನು ನೋಡಿ ನಕ್ಕವನೂ ನಾನೇ.

ವೈರು ಬದಲಿಸಿದೆ. ಬೆಟ್ಟ ಬಂತು! ಹೊಸ ಪ್ರೊಸೆಸರಿನ ಕೊಬ್ಬಿಗೆ ವ್ಯಾನು ಮೊದಲು ಸೇತುವೆ ಹಾರಿ ಆಕಾಶಕ್ಕೇ ಹಾಲು ಹಾಕಲು ಹೊರಟಿತು. ವೇಗಕ್ಕೆ ಮೂಗುದಾರ ತೊಡಿಸಿದೆ. ಆಮೇಲೆ ಮೂರನೇ ತಿರುವಿನಲ್ಲಿ ಮಂಜು ಎದ್ದಿತು. ಕಣಿವೆಯಿಂದ ನಿಧಾನಕ್ಕೆ ಮೇಲೆ ಬಂದು, ವ್ಯಾನಿನ ದೀಪ ತಾಗಿದ ಕಡೆ ಒಂಚೂರು ಹಳದಿಯಾಗಿ. ನಿನ್ನ ಅತ್ತಿಗೆ, “ಅಯ್ಯೋ, ಇದನ್ನ ಅವಳು ಮಾಡಿದ್ದಾ? ನಂಗ್ಯಾರೂ ಹೇಳೇ ಇಲ್ವಲ್ರೀ!” ಎಂದು ಕುರ್ಚಿ ಎಳೆದುಕೊಂಡಳು. ಒಳಗೆ ಕಾಲಿಟ್ಟ ಗಿರಾಕಿಯನ್ನು ಆಮೇಲೆ ಬನ್ನಿ ಎಂದು ಕಳಿಸಿದವಳೂ ಅವಳೇ. ನಾನಲ್ಲ, ನಾನು ಇನ್ನೂ ಅಷ್ಟು ಕೆಟ್ಟಿಲ್ಲ.

ಈ ಪತ್ರ ಕೊಟ್ಟ ನಿನ್ನ ಅತ್ತಿಗೆಯ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದೆಯಲ್ಲ ಪೆಟ್ಟಿಗೆ, ಅದೇ ಯಂತ್ರ. ಹಳೆಯ ಮಾನಿಟರೂ ಇದೆ. ವೈರುಗಳಿಗೆ ಟೇಪು ಸುತ್ತಿದ್ದೇನೆ, ಬಿಚ್ಚಬೇಡ. ಕಾರ್ಡು ಬೇಗ ಬಿಸಿಯಾಗುತ್ತದೆ. ಇನ್ನೆಷ್ಟು ಸಲ ಎದ್ದೀತೋ, ಗ್ಯಾರಂಟಿ ಕೊಡಲಾರೆ. ಕೈಯಲ್ಲಿಲ್ಲದ ಗ್ಯಾರಂಟಿ ಕೊಡುವುದು ನನ್ನ ಕಸುಬೇ ಆದರೂ, ನಿನ್ನ ಹತ್ತಿರ ಬೇಡ.

ಗುರುವಾರದವರೆಗೆ ಮುಟ್ಟಬೇಡ, ನೇರ ಅವರ ಮುಂದೆಯೇ ಹಚ್ಚು ಎನ್ನುತ್ತದೆ ನನ್ನ ವ್ಯಾಪಾರಿ ಬುದ್ಧಿ. ಅದರ ಮಾತು ಕೇಳಿ ನಾನು ಕೆಟ್ಟದ್ದು ಕಡಿಮೆ. ಆದರೂ ಈ ಸಲ ಬೇಡ. ಇವತ್ತೇ ನಿನ್ನ ಮೇಜಿನ ಮೇಲೆ ಇಟ್ಟು ಮೊದಲು ನೀನು ನೋಡು. ಅಲ್ಲೇ ಸುಟ್ಟುಹೋದರೆ ಹೋಗಲಿ, ಕಾರ್ಡನ್ನೇನು ಅವರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರಾ? ಎಲೆ ಬಿಡಿಸುವವಳಾಗಿ ನೀನು ಆ ಬಾಗಿಲು ದಾಟಬಾರದು. ಮಂಜು ಎಬ್ಬಿಸಿದವಳಾಗಿ ಹೋಗಬೇಕು.

ನಾನು ಬರುವುದಿಲ್ಲ. ಬಂದರೆ ನೀನು ಕೂರುವ ಮೊದಲೇ ನಾನು ಮಾತು ಶುರು ಮಾಡಿ, ಅವರಿಗೆ ಎರಡು ಪ್ರಿಂಟರ್ ಮಾರಿ ಎದ್ದಿರುತ್ತೇನೆ. ಆ ಕೋಣೆಯಲ್ಲಿ ಬಾಯಿ ನಿನ್ನದೇ ಇರಲಿ.

‘ಬರಲ್ಲ’ ಎಂದು ಬರೆದಿಟ್ಟಿದ್ದರೆ ಹರಿದು ನಿನ್ನ ಅತ್ತಿಗೆಯ ಕೈಗೆ ಕೊಡು, ಸ್ಟವ್ ಹಚ್ಚಲಿಕ್ಕಾಗುತ್ತದೆ. ನಿನ್ನ ಬೆರಳಿಗೆ ದಣಿವು ಬಾರದಿರಲಿ ತಾಯಿ, ಕಣ್ಣಿಗೆ ಬಣ್ಣ ಬತ್ತದಿರಲಿ. ಹೋಗು, ಹಚ್ಚು.

ಖುಷಿಗೆ ಇನ್ನೂ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗದ,
ನಿನ್ನ ಅಣ್ಣ